ಹೆಸರು ಅದೇ, ವೇದಿಕೆಯ ಮೇಲಿರುವವರು ಬೇರೆ: ಹಳೆಯ ರಾಕ್ ಬ್ಯಾಂಡ್ ಯಾರದ್ದು?

2015ರ ಆಗಸ್ಟ್ 1ರ ರಾತ್ರಿ ಲಾಸ್ ಏಂಜಲೀಸ್‌ಗೆ ಅಂಟಿಕೊಂಡಿರುವ ಇಂಗಲ್‌ವುಡ್‌ನ ಫೋರಂ ಸಭಾಂಗಣದಲ್ಲಿ ಕೆನಡಾದ ರಶ್ ಬ್ಯಾಂಡ್ ತನ್ನ 40ನೇ ವರ್ಷದ ಪ್ರವಾಸ ಮುಗಿಸಿತು. ಡ್ರಮ್ಮರ್ ನೀಲ್ ಪಿಯರ್ಟ್ ಅವರ ಭುಜ, ತೋಳು, ಪಾದ ಅಷ್ಟು ಹೊತ್ತಿಗೆ ಸೋತಿದ್ದವು. ಇನ್ನು ಆಗದು ಎಂದು ಅವರು ನಿವೃತ್ತರಾದರು. 2020ರ ಜನವರಿ 7ರಂದು ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 67 ವರ್ಷ. ಉಳಿದವರು ಇಬ್ಬರು: ಬೇಸ್ ನುಡಿಸುತ್ತ ಹಾಡುವ ಗೆಡ್ಡಿ ಲೀ, ಗಿಟಾರ್ ನುಡಿಸುವ ಅಲೆಕ್ಸ್ ಲೈಫ್‌ಸನ್. ಇಬ್ಬರೂ ಶಾಲೆಯ ದಿನಗಳಿಂದ ಗೆಳೆಯರು. ರಶ್ ಅಲ್ಲಿಗೆ ಮುಗಿಯಿತು ಎಂದು ಇಬ್ಬರೂ ವರ್ಷಗಟ್ಟಲೆ ಹೇಳುತ್ತ ಬಂದರು.

ಅದೇ ಇಬ್ಬರು 2025ರ ಅಕ್ಟೋಬರ್ 6ರಂದು ರಶ್ ಹೆಸರಿನಲ್ಲೇ ಹೊಸ ಪ್ರವಾಸ ಪ್ರಕಟಿಸಿದರು. ಮೊದಲ ಪ್ರದರ್ಶನಕ್ಕೆ ಗೊತ್ತುಮಾಡಿದ ದಿನ 2026ರ ಜೂನ್ 7, ಸ್ಥಳ ಅದೇ ಫೋರಂ. ಡ್ರಮ್ಸ್‌ಗೆ ಜರ್ಮನಿಯ ಅನಿಕಾ ನಿಲ್ಲೆಸ್. ಮೊದಲು ಪ್ರಕಟವಾದದ್ದು ಏಳು ನಗರಗಳ ಒಂದು ಡಜನ್ ಪ್ರದರ್ಶನ. ಟಿಕೆಟಿಗೆ ಮುಗಿಬಿದ್ದವರ ಸಂಖ್ಯೆ ನೋಡಿ ಇನ್ನಷ್ಟು ಸೇರಿಸಬೇಕಾಯಿತು.

ನಲವತ್ತು ವರ್ಷದಿಂದ ರಶ್ ಕೇಳುತ್ತಿರುವ ಅಭಿಮಾನಿಗಳಲ್ಲಿ ಅನೇಕರಿಗೆ ಈ ಸುದ್ದಿಯಿಂದ ಸಂತೋಷವೂ ಆಯಿತು, ಕಸಿವಿಸಿಯೂ ಆಯಿತು. ಪಿಯರ್ಟ್ ಇಲ್ಲದ್ದು ರಶ್ ಹೇಗಾದೀತು? ಆಗುವುದಿಲ್ಲ ಎಂದರೆ ಟಿಕೆಟ್ ಇಷ್ಟು ಬೇಗ ಖಾಲಿಯಾದದ್ದು ಏಕೆ? 1960, 70ರ ದಶಕದ ರಾಕ್ ಬ್ಯಾಂಡುಗಳ ಸದಸ್ಯರೆಲ್ಲ ಈಗ ಎಪ್ಪತ್ತು, ಎಂಬತ್ತು ದಾಟುತ್ತಿದ್ದಾರೆ. ಹಾಗಾಗಿ ಈ ಪ್ರಶ್ನೆ ರಶ್ ಒಂದಕ್ಕೇ ನಿಲ್ಲುವುದಿಲ್ಲ. ಬರುವ ಹತ್ತು ವರ್ಷ ಹಳೆಯ ಬ್ಯಾಂಡಿನ ಟಿಕೆಟ್ ಕೊಳ್ಳುವ ಪ್ರತಿಯೊಬ್ಬರೂ ಇದನ್ನು ಎದುರಿಸಬೇಕಾಗುತ್ತದೆ.

ಪಕ್ಕವಾದ್ಯಕ್ಕೂ ಬ್ಯಾಂಡಿಗೂ ಇರುವ ವ್ಯತ್ಯಾಸ

ಕರ್ನಾಟಕ ಸಂಗೀತದ ಕಛೇರಿ ಕೇಳಿ ಬೆಳೆದವರಿಗೆ ಈ ಚರ್ಚೆ ಮೊದಲಿಗೆ ವಿಚಿತ್ರ ಅನ್ನಿಸಬಹುದು. ರಾಮೋತ್ಸವದ ಪೆಂಡಾಲಿನಲ್ಲಿ ಇವತ್ತು ಮೃದಂಗಕ್ಕೆ ಒಬ್ಬರು ಕೂತರೆ ನಾಳೆ ಇನ್ನೊಬ್ಬರು. ಯಾರೂ ದುಡ್ಡು ವಾಪಸ್ ಕೇಳುವುದಿಲ್ಲ. ಅಲ್ಲಿ ಕೃತಿ, ರಾಗ, ತಾಳ ಎಲ್ಲರ ಆಸ್ತಿ. ತ್ಯಾಗರಾಜರ ಒಂದು ಕೃತಿಯನ್ನು ನೂರು ಜನ ನೂರು ಬಗೆಯಲ್ಲಿ ಹಾಡುತ್ತಾರೆ, ಹಾಗೆ ಹಾಡುವುದೇ ವಿದ್ವತ್ತು.

ರಾಕ್ ಹಾಡು ಹುಟ್ಟುವ ಬಗೆ ಬೇರೆ. ಮೂರ್ನಾಲ್ಕು ಜನ ಒಂದು ಕೋಣೆ ಸೇರಿ, ಒಬ್ಬರ ಕೈ ಇನ್ನೊಬ್ಬರ ಕೈಗೆ ಹೊಂದುವವರೆಗೆ ತಿಂಗಳುಗಟ್ಟಲೆ ನುಡಿಸಿ, ಅದನ್ನು ರೆಕಾರ್ಡ್ ಮಾಡುತ್ತಾರೆ. ಆ ರೆಕಾರ್ಡೇ ಕೃತಿ. ಗಿಟಾರಿನ ಒಂದು ಎಳೆತ, ಡ್ರಮ್ಮಿನ ಒಂದು ತಿರುವು, ಹಾಡುಗಾರ ಉಸಿರು ಎಳೆದುಕೊಂಡ ಜಾಗ, ಇವೆಲ್ಲ ಹಾಡಿನ ಭಾಗವಾಗಿ ಕೇಳುಗರ ಕಿವಿಯಲ್ಲಿ ಅಚ್ಚಾಗುತ್ತವೆ. ಹೀಗಾಗಿ ಒಬ್ಬ ವ್ಯಕ್ತಿ ಹೋದರೆ ಹಾಡಿನ ಒಂದು ತುಂಡೇ ಕಳಚಿದಂತೆ ಅಭಿಮಾನಿಗೆ ಭಾಸವಾಗುತ್ತದೆ.

ರಶ್‌ನಲ್ಲಿ ಇದು ಇನ್ನೂ ತೀವ್ರ. ಅದು ಮೂವರೇ ಇದ್ದ ಬ್ಯಾಂಡ್. ಪಿಯರ್ಟ್ ಡ್ರಮ್ಸ್ ಬಾರಿಸುತ್ತಿದ್ದರು, ಹಾಡುಗಳ ಬಹುಪಾಲು ಸಾಹಿತ್ಯವನ್ನೂ ಅವರೇ ಬರೆಯುತ್ತಿದ್ದರು. ಅವರ ಡ್ರಮ್ಸ್ ಹಾಡಿಗೆ ಲಯ ಹಿಡಿದು ಕೊಡುವಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಪ್ರತಿ ಹಾಡಿಗೂ ಮೊದಲೇ ಯೋಚಿಸಿ ಕಟ್ಟಿದ, ಒಂದು ಪೆಟ್ಟೂ ಆಚೀಚೆ ಆಗದ ರಚನೆಗಳು ಅವು. ಪ್ರದರ್ಶನದಲ್ಲಿ ಸಾವಿರಾರು ಮಂದಿ ಕೈಯಲ್ಲಿ ಏನೂ ಇಲ್ಲದೆ ಗಾಳಿಯಲ್ಲೇ ಅವರೊಂದಿಗೆ ಡ್ರಮ್ಸ್ ಬಾರಿಸುತ್ತಿದ್ದರು, ಅದೂ ಒಂದೊಂದು ಪೆಟ್ಟನ್ನೂ ತಪ್ಪದೆ. ಅಂಥ ಕೇಳುಗರ ಮುಂದೆ ಬೇರೊಬ್ಬರು ಆ ಜಾಗದಲ್ಲಿ ಕೂರುವುದು ಸಣ್ಣ ಮಾತಲ್ಲ.

'ಮೂಲ ಸದಸ್ಯ' ಎಂಬ ಅಳತೆಗೋಲು

ಇಂಥ ಚರ್ಚೆ ಎದ್ದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: ಮೂಲ ಸದಸ್ಯರು ಎಷ್ಟು ಮಂದಿ ಇದ್ದಾರೆ? ಸರಳವಾಗಿದೆ, ಎಣಿಸಲು ಸುಲಭ. ಆದರೆ ಈ ಅಳತೆಗೋಲು ಹಿಡಿದು ಹೊರಟರೆ ಎಡವುವುದೇ ಹೆಚ್ಚು.

ರಶ್ ಅನ್ನೇ ನೋಡೋಣ. 1968ರಲ್ಲಿ ಟೊರಾಂಟೊದಲ್ಲಿ ಬ್ಯಾಂಡ್ ಕಟ್ಟಿದವರು ಅಲೆಕ್ಸ್ ಲೈಫ್‌ಸನ್, ಡ್ರಮ್ಮರ್ ಜಾನ್ ರಟ್ಸಿ, ಬೇಸ್‌ನ ಜೆಫ್ ಜೋನ್ಸ್. ಗೆಡ್ಡಿ ಲೀ ಬಂದದ್ದು ಕೆಲವೇ ವಾರಗಳ ನಂತರ, ಜೋನ್ಸ್ ಜಾಗಕ್ಕೆ. 1974ರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ಸ್ ಬಾರಿಸಿದವರು ರಟ್ಸಿ. ಪಿಯರ್ಟ್ ಸೇರಿದ್ದು ಅದೇ ವರ್ಷದ ಜುಲೈ 29ರಂದು, ಬ್ಯಾಂಡಿನ ಮೊದಲ ಅಮೆರಿಕ ಪ್ರವಾಸಕ್ಕೆ ಎರಡು ವಾರ ಇರುವಾಗ. 'ಮೂಲ ಸದಸ್ಯ' ಲೆಕ್ಕ ಹಿಡಿದರೆ ಪಿಯರ್ಟ್ ಮೂಲದವರೇ ಅಲ್ಲ, ಅವರು ಇಲ್ಲದಿದ್ದರೂ ರಶ್‌ಗೆ ಏನೂ ಕಡಿಮೆಯಾಗಬಾರದು. ಈ ಮಾತನ್ನು ರಶ್ ಬಲ್ಲ ಒಬ್ಬರೂ ಒಪ್ಪುವುದಿಲ್ಲ.

ಇದೇ ಅಳತೆಗೋಲು ಎದುರು ದಿಕ್ಕಿನಲ್ಲಿ ಹೇಗೆ ಸೋಲುತ್ತದೆ ಎನ್ನುವುದಕ್ಕೆ 1980ರ ಡೀಪ್ ಪರ್ಪಲ್ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಂಗ್ಲೆಂಡಿನ ಆ ಬ್ಯಾಂಡ್ 1976ರಲ್ಲಿ ಒಡೆದುಹೋಗಿತ್ತು. ನಾಲ್ಕು ವರ್ಷದ ಮೇಲೆ ಅಮೆರಿಕದಲ್ಲಿ, ಮೆಕ್ಸಿಕೋದಲ್ಲಿ ಡೀಪ್ ಪರ್ಪಲ್ ಹೆಸರಿನ ಪ್ರದರ್ಶನಗಳು ಶುರುವಾದವು. ವೇದಿಕೆಯಲ್ಲಿ ಜನ ಗುರುತಿಸಬಹುದಾಗಿದ್ದ ಹೆಸರು ಒಂದೇ, ರಾಡ್ ಇವಾನ್ಸ್. ಉಳಿದವರು ಯಾರೋ. ಅಭಿಮಾನಿಗಳು ಸಿಟ್ಟಿಗೆದ್ದರು, ಕೆಲವು ಕಡೆ ಗಲಭೆಯೇ ಆಯಿತು. ಡೀಪ್ ಪರ್ಪಲ್‌ನ ಹಕ್ಕುದಾರರು ಕೋರ್ಟಿಗೆ ಹೋದರು. ಕೋರ್ಟ್ 6,72,000 ಡಾಲರ್ ಪರಿಹಾರ ವಿಧಿಸಿತು. ಹಳೆಯ ರೆಕಾರ್ಡುಗಳಿಂದ ಇವಾನ್ಸ್‌ಗೆ ಬರುತ್ತಿದ್ದ ರಾಯಧನವೂ ಹೋಯಿತು.

ಈ ರಾಡ್ ಇವಾನ್ಸ್ 1968ರಲ್ಲಿ ಬ್ಯಾಂಡ್ ಶುರುವಾದಾಗ ಇದ್ದ ಮೊದಲ ಹಾಡುಗಾರ, ಅಪ್ಪಟ ಮೂಲ ಸದಸ್ಯ. ಆದರೂ ಆ ಪ್ರದರ್ಶನ ನಕಲಿ ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಅವರು 1969ರಲ್ಲೇ ಬ್ಯಾಂಡ್ ಬಿಟ್ಟಿದ್ದರು. ಜನ ಮೆಚ್ಚಿದ ಹಾಡುಗಳಲ್ಲಿ ಹೆಚ್ಚಿನವನ್ನು ಹಾಡಿದವರು ಇಯಾನ್ ಗಿಲ್ಲನ್. ಇವತ್ತಿನ ಡೀಪ್ ಪರ್ಪಲ್‌ನಲ್ಲಿ 1968ರಿಂದ ಉಳಿದವರು ಡ್ರಮ್ಮರ್ ಇಯಾನ್ ಪೈಸ್ ಒಬ್ಬರೇ. ಆದರೂ ಅದನ್ನು ಯಾರೂ ನಕಲಿ ಎನ್ನುವುದಿಲ್ಲ.

ಹಾಗಾದರೆ ಅಭಿಮಾನಿಯ ಮನಸ್ಸು ನಿಜಕ್ಕೂ ಅಳೆಯುವುದು ಏನನ್ನು? ನನಗೆ ಕಾಣುವ ಮಟ್ಟಿಗೆ ಎರಡನ್ನು. ಒಂದು, ಕೊಂಡಿ ಕಳಚದೆ ಬಂದಿದೆಯೇ ಎನ್ನುವುದು. ಸದಸ್ಯರು ಒಬ್ಬೊಬ್ಬರಾಗಿ ಬದಲಾದರೂ ಹಾಡುಗಳ ಜೊತೆ ಬದುಕಿದವರು ಅಲ್ಲಿ ಇದ್ದಾರೆಯೇ? ಇನ್ನೊಂದು, ಹೇಳಿ ಮಾಡುತ್ತಿದ್ದಾರೋ ಮುಚ್ಚಿಟ್ಟು ಮಾಡುತ್ತಿದ್ದಾರೋ ಎನ್ನುವುದು. 1980ರ ಪ್ರೇಕ್ಷಕರು ರೊಚ್ಚಿಗೆದ್ದದ್ದು ಸದಸ್ಯರು ಬದಲಾಗಿದ್ದಾರೆ ಎಂದಲ್ಲ, ಅದನ್ನು ತಮಗೆ ಹೇಳಲಿಲ್ಲ ಎಂದು.

ಹೆಸರು ಯಾರ ಆಸ್ತಿ?

ಕಾನೂನಿನ ಕಣ್ಣಿಗೆ ಬ್ಯಾಂಡಿನ ಹೆಸರು ಸೋಪಿನ ಹೆಸರಿನ ಹಾಗೆ ಒಂದು ಟ್ರೇಡ್‌ಮಾರ್ಕ್. ಅದನ್ನು ನೋಂದಾಯಿಸಬಹುದು, ಮಾರಬಹುದು, ಉಯಿಲಿನಲ್ಲಿ ಬರೆಯಬಹುದು. ತೊಡಕು ಏನೆಂದರೆ, ಇಪ್ಪತ್ತರ ಹರೆಯದಲ್ಲಿ ಬ್ಯಾಂಡ್ ಕಟ್ಟುವವರು ಇಂಥದ್ದನ್ನೆಲ್ಲ ಕಾಗದದ ಮೇಲೆ ಬರೆದಿಡುವುದಿಲ್ಲ. ಜಗಳ ಬಂದಾಗ ಅಥವಾ ಸಾವು ಬಂದಾಗಲೇ ಹೆಸರು ಯಾರದ್ದೆಂಬ ಮಾತು ಏಳುವುದು.

1974ರಲ್ಲಿ ಫ್ಲೀಟ್‌ವುಡ್ ಮ್ಯಾಕ್‌ಗೆ ಆದದ್ದು ನಂಬಲು ಕಷ್ಟ. ಹೆಸರು ತನ್ನದು ಎಂದು ಅವರ ಮ್ಯಾನೇಜರ್ ವಾದಿಸಿದರು. ಬ್ಯಾಂಡಿನ ಒಬ್ಬ ಸದಸ್ಯರೂ ಇಲ್ಲದ ತಂಡವೊಂದನ್ನು ಜೋಡಿಸಿ ಅದೇ ಹೆಸರಿನಲ್ಲಿ ಅಮೆರಿಕಕ್ಕೆ ಕಳುಹಿಸಿದರು. ಆ ಪ್ರವಾಸ ಕುಸಿದುಬಿತ್ತು, ಮೊಕದ್ದಮೆ ನಡೆಯಿತು, ನಿಜವಾದ ಸದಸ್ಯರು ತಮ್ಮದೇ ಹೆಸರನ್ನು ಮರಳಿ ಪಡೆಯಲು ಹೋರಾಡಬೇಕಾಯಿತು.

ಪಿಂಕ್ ಫ್ಲಾಯ್ಡ್‌ನ ಜಗಳ ಇನ್ನೂ ಪ್ರಸಿದ್ಧ. ಬಹುಪಾಲು ಹಾಡು ಬರೆದ ರಾಜರ್ ವಾಟರ್ಸ್ 1985ರಲ್ಲಿ ಹೊರನಡೆದರು. ತಾನಿಲ್ಲದೆ ಆ ಹೆಸರು ಬಳಸಬಾರದು ಎಂದು 1986ರಲ್ಲಿ ಲಂಡನ್ನಿನ ಹೈಕೋರ್ಟ್ ಮೆಟ್ಟಿಲೇರಿದರು. 1987ರ ಕೊನೆಗೆ ರಾಜಿಯಾಯಿತು, ಹೆಸರು ಡೇವಿಡ್ ಗಿಲ್ಮರ್ ಮತ್ತು ನಿಕ್ ಮೇಸನ್ ಬಳಿ ಉಳಿಯಿತು. ಅದೇ ವರ್ಷ ಎರಡೂ ಕಡೆಯವರು ಪ್ರವಾಸ ಹೊರಟಿದ್ದರು. ಪಿಂಕ್ ಫ್ಲಾಯ್ಡ್ ಎಂಬ ಹೆಸರಿದ್ದವರಿಗೆ ಸ್ಟೇಡಿಯಂಗಳು ತುಂಬಿದವು. ಆ ಹಾಡುಗಳನ್ನು ಬರೆದ ವಾಟರ್ಸ್ ತಮ್ಮ ಸ್ವಂತ ಹೆಸರಿನಲ್ಲಿ ಅದಕ್ಕಿಂತ ಚಿಕ್ಕ ಸಭಾಂಗಣ ತುಂಬಿಸಲೂ ಪರದಾಡಿದರು.

ಹಣದ ಲೆಕ್ಕ ಇಲ್ಲಿ ತಿಳಿಯಾಗುತ್ತದೆ. ಪ್ರದರ್ಶನ ಏರ್ಪಡಿಸುವವರು ದುಡ್ಡು ಹಾಕುವುದು ಹೆಸರಿನ ಮೇಲೆ. ಅದೇ ಮನುಷ್ಯ, ಅದೇ ಗಿಟಾರ್, ಅದೇ ಹಾಡು ಇದ್ದರೂ ಪೋಸ್ಟರಿನ ಮೇಲೆ ಬ್ಯಾಂಡಿನ ಹೆಸರು ಇಲ್ಲದಿದ್ದರೆ ಗಳಿಕೆ ಹಲವು ಪಟ್ಟು ಇಳಿಯುತ್ತದೆ. ಒಂದು ಕಾಲದಲ್ಲಿ ಪ್ರವಾಸ ಹೋಗುತ್ತಿದ್ದದ್ದು ಆಲ್ಬಮ್ ಮಾರಲಿಕ್ಕೆ, ಆದಾಯ ಬರುತ್ತಿದ್ದದ್ದು ಆಲ್ಬಮ್ಮಿನಿಂದ. ಡೌನ್‌ಲೋಡ್ ಬಂತು, ಸ್ಟ್ರೀಮಿಂಗ್ ಬಂತು, ಆಲ್ಬಮ್ ಮಾರಾಟ ನೆಲಕಚ್ಚಿತು. ಈಗ ಟಿಕೆಟ್ ಮತ್ತು ಟೀ ಶರ್ಟೇ ಮುಖ್ಯ ಗಳಿಕೆ. ಹಾಡು ಬರೆದವರಿಗೆ ಕೂತಲ್ಲಿಗೇ ರಾಯಧನ ಬರುತ್ತದೆ. ಬರೆಯದೆ ನುಡಿಸಿದವರಿಗೆ, ಸೌಂಡ್ ಮತ್ತು ಲೈಟು ನೋಡಿಕೊಳ್ಳುವವರಿಗೆ, ಸಾಮಾನು ಸಾಗಿಸುವ ಲಾರಿಯವರಿಗೆ ವೇದಿಕೆ ಎದ್ದರೆ ಮಾತ್ರ ಅನ್ನ. ಹಳೆಯ ಬ್ಯಾಂಡುಗಳು ನಿಲ್ಲದಿರುವುದಕ್ಕೆ ದುರಾಸೆಯೊಂದೇ ಕಾರಣ ಎನ್ನುವವರು ಈ ಕೊನೆಯ ಗುಂಪನ್ನು ಮರೆಯುತ್ತಾರೆ.

ಸಾವಿನ ನಂತರ ಬ್ಯಾಂಡುಗಳು ಹಿಡಿದ ದಾರಿ

1980 ಈ ವಿಷಯದಲ್ಲಿ ಒಂದು ವಿಶೇಷ ವರ್ಷ. ಫೆಬ್ರವರಿಯಲ್ಲಿ ಎಸಿ/ಡಿಸಿಯ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡರು. ಐದೇ ತಿಂಗಳಲ್ಲಿ, ಹೊಸ ಹಾಡುಗಾರ ಬ್ರಯಾನ್ ಜಾನ್ಸನ್ ಅವರೊಂದಿಗೆ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಮ್ ಹೊರಬಂತು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ಮುಗಳಲ್ಲಿ ಅದೂ ಒಂದಾಯಿತು. ಸೆಪ್ಟೆಂಬರ್‌ನಲ್ಲಿ ಲೆಡ್ ಜೆಪ್ಲಿನ್‌ನ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡರು. ಡಿಸೆಂಬರ್ 4ರಂದು ಉಳಿದ ಮೂವರು ಒಂದು ಚಿಕ್ಕ ಹೇಳಿಕೆ ಕೊಟ್ಟು ಬ್ಯಾಂಡ್ ಮುಚ್ಚಿದರು. 27 ವರ್ಷದ ನಂತರ, 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಒಂದೇ ಒಂದು ಪೂರ್ಣ ಪ್ರದರ್ಶನಕ್ಕೆ ಸೇರಿದಾಗ ಡ್ರಮ್ಸ್ ಮುಂದೆ ಕೂತವರು ಬಾನಮ್ ಅವರ ಮಗ ಜೇಸನ್.

ಒಂದೇ ವರ್ಷ, ಒಂದೇ ಬಗೆಯ ಆಘಾತ, ಪೂರಾ ಬೇರೆ ಎರಡು ತೀರ್ಮಾನ. ಎರಡನ್ನೂ ಅಭಿಮಾನಿಗಳು ಗೌರವದಿಂದಲೇ ನೋಡುತ್ತಾರೆ. ಎಸಿ/ಡಿಸಿ ಮುಂದುವರಿದದ್ದು ಹೊಸ ಹಾಡುಗಳನ್ನು ಕೊಟ್ಟು. ಹೊಸಬರು ಹಳಬರ ನೆರಳಾಗಲಿಲ್ಲ, ಹೊಸ ಹಾಡಿನ ಒಡೆಯರಾದರು. ಇದು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಆಗುವ ಮಾತು. ಎಪ್ಪತ್ತು ದಾಟಿದ ಬ್ಯಾಂಡಿಗೆ ಜನ ಬರುವುದು ಹಳೆಯ ಹಾಡಿಗೆ, ಹಾಗಾಗಿ ಹೊಸಬರಿಗೆ ಆ ಅವಕಾಶವೇ ಸಿಗುವುದಿಲ್ಲ.

ಕ್ವೀನ್ ನಡುವಿನ ದಾರಿ ಹಿಡಿಯಿತು. ತೀರಿಕೊಂಡ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಇಲ್ಲದ ವೇದಿಕೆಗೆ ಉಳಿದ ಸದಸ್ಯರಾದ ಬ್ರಯಾನ್ ಮೇ ಮತ್ತು ರಾಜರ್ ಟೇಲರ್ ಮೊದಲು ಪಾಲ್ ರಾಜರ್ಸ್‌ರನ್ನು, ಆಮೇಲೆ ಆಡಮ್ ಲ್ಯಾಂಬರ್ಟ್‌ರನ್ನು ಕರೆತಂದರು. ಪೋಸ್ಟರಿನ ಮೇಲೆ 'ಕ್ವೀನ್' ಎಂದಷ್ಟೇ ಬರೆಯದೆ 'ಕ್ವೀನ್ ಪ್ಲಸ್ ಆಡಮ್ ಲ್ಯಾಂಬರ್ಟ್' ಎಂದು ಬರೆಸಿದರು. ಆ ಒಂದು ಕೂಡಿಸುವ ಚಿಹ್ನೆ ಎಷ್ಟು ಕೆಲಸ ಮಾಡುತ್ತದೆ ನೋಡಿ: ಹೋದವರ ಜಾಗ ಖಾಲಿ ಇದೆ ಎಂದೂ ಹೇಳುತ್ತದೆ, ಬಂದವರ ಹೆಸರನ್ನೂ ಎತ್ತಿ ಹಿಡಿಯುತ್ತದೆ. ಟಿಕೆಟ್ ಕೊಳ್ಳುವವರಿಗೆ ತಾವು ಏನು ಕೊಳ್ಳುತ್ತಿದ್ದೇವೆ ಎಂಬುದರಲ್ಲಿ ಗೊಂದಲವೇ ಉಳಿಯುವುದಿಲ್ಲ.

ಲಿನರ್ಡ್ ಸ್ಕಿನರ್ಡ್ ಕಥೆ ದುಃಖದ್ದು. 1977ರ ಅಕ್ಟೋಬರ್ 20ರ ವಿಮಾನ ಅಪಘಾತದಲ್ಲಿ ಹಾಡುಗಾರ ರಾನಿ ವ್ಯಾನ್ ಜಾಂಟ್ ಸೇರಿ ಮೂವರು ಕಲಾವಿದರು ಸತ್ತರು. ಹತ್ತು ವರ್ಷದ ನಂತರ ಬದುಕುಳಿದವರು ರಾನಿಯ ತಮ್ಮ ಜಾನಿಯನ್ನು ಮುಂದಿಟ್ಟುಕೊಂಡು ಹಾಡಲು ಹೊರಟಾಗ ರಾನಿಯ ಪತ್ನಿ ಕೋರ್ಟಿಗೆ ಹೋದರು. ಹೆಸರನ್ನು ಯಾರು, ಯಾವ ಷರತ್ತಿನ ಮೇಲೆ ಬಳಸಬಹುದು ಎಂದು 1988ರಲ್ಲಿ ಕೋರ್ಟಿನ ಮೂಲಕ ಒಪ್ಪಂದವಾಯಿತು. ಕೊನೆಯ ಮೂಲ ಸದಸ್ಯ ಗ್ಯಾರಿ ರಾಸಿಂಗ್ಟನ್ 2023ರ ಮಾರ್ಚ್ 5ರಂದು ತೀರಿಕೊಂಡರು. ಬ್ಯಾಂಡ್ ನಿಲ್ಲಲಿಲ್ಲ, ಆ ಬೇಸಿಗೆಯಲ್ಲೇ ಪ್ರವಾಸ ಹೊರಟಿತು. ಫಾರಿನರ್ ಬ್ಯಾಂಡ್ ಕೂಡ ಸ್ಥಾಪಕ ಮಿಕ್ ಜೋನ್ಸ್ ಪಾರ್ಕಿನ್ಸನ್ ಕಾಯಿಲೆಯಿಂದ ಪ್ರವಾಸ ಬಿಟ್ಟ ಮೇಲೂ ಅದೇ ಹೆಸರಿನಲ್ಲಿ ಸುತ್ತುತ್ತಿದೆ. ಮೂಲದವರು ಒಬ್ಬರೂ ಇಲ್ಲದ ಬ್ಯಾಂಡ್ ಎಂಬುದು ಈಗಾಗಲೇ ಕಣ್ಣೆದುರು ಇದೆ.

ವೇಷ ಮತ್ತು ವೇಷಧಾರಿ

ಕಿಸ್ ಬ್ಯಾಂಡಿನ ನಾಲ್ವರೂ ಮುಖಕ್ಕೆ ಬಣ್ಣ ಬಳಿದು ಹಾಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಏಸ್ ಫ್ರೇಲಿ ಮತ್ತು ಪೀಟರ್ ಕ್ರಿಸ್ ಬಿಟ್ಟುಹೋದ ಮೇಲೆ ಅವರ ಪಾತ್ರಗಳ ಅದೇ ಬಣ್ಣವನ್ನು ಟಾಮಿ ಥೇಯರ್ ಮತ್ತು ಎರಿಕ್ ಸಿಂಗರ್ ಹಚ್ಚಿಕೊಂಡರು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದನ್ನು ಇವತ್ತಿಗೂ ಕ್ಷಮಿಸಿಲ್ಲ.

ಕರಾವಳಿ, ಮಲೆನಾಡಿನವರಿಗೆ ಇದು ತಟ್ಟನೆ ಅರ್ಥವಾಗುವ ಸಂಗತಿ. ಯಕ್ಷಗಾನ ಮೇಳದ ಹೆಸರು ಕ್ಷೇತ್ರದ್ದು. ಪ್ರತಿ ತಿರುಗಾಟಕ್ಕೂ ಕಲಾವಿದರು ಬದಲಾಗುತ್ತಾರೆ. ಕಟೀಲಿನ ಹೆಸರಿನಲ್ಲಿ ಒಂದೇ ರಾತ್ರಿ ಹಲವು ಊರುಗಳಲ್ಲಿ ಹಲವು ಮೇಳಗಳು ಆಡುತ್ತವೆ, ಎಲ್ಲವೂ ಕಟೀಲು ಮೇಳವೇ. ಇಡಗುಂಜಿ ಮೇಳವನ್ನು 1934ರಲ್ಲಿ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ನಂತರ ಮಗ, ಮೊಮ್ಮಗ ನಡೆಸಿಕೊಂಡು ಬಂದರು. ಹಾಗಿದ್ದರೂ ಪ್ರೇಕ್ಷಕರು ಮೇಳದ ಹೆಸರು ನೋಡಿದೊಡನೆ ಕೇಳುವ ಪ್ರಶ್ನೆ ಇದ್ದೇ ಇದೆ: ಇವತ್ತಿನ ಭಾಗವತರು ಯಾರು? ಕೌರವನ ವೇಷ ಯಾರದ್ದು? ಉತ್ತರ ಕರಪತ್ರದಲ್ಲೇ ಸಿಗುತ್ತದೆ. ಮೇಳದ ಹೆಸರಿನ ಜೊತೆಗೆ ಪಾತ್ರ ಮತ್ತು ಕಲಾವಿದರ ಹೆಸರು ಅಚ್ಚುಹಾಕುವುದು ವಾಡಿಕೆ. ಹೆಸರು ಉಳಿಯಬೇಕು, ಆಳು ಬದಲಾಗಬಹುದು, ಬದಲಾದದ್ದು ಗೊತ್ತಿರಬೇಕು. ರಾಕ್ ಲೋಕ ಈಗ ತಡಕಾಡುತ್ತಿರುವ ಉತ್ತರದ ಒಂದು ಭಾಗ ನಮ್ಮ ಮೇಳಗಳ ರೂಢಿಯಲ್ಲಿ ಇದೆ.

ಕಿಸ್ ಮಾತ್ರ ಇನ್ನೂ ಮುಂದೆ ಹೋಯಿತು. 2023ರ ಡಿಸೆಂಬರ್ 2ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೊನೆಯ ಪ್ರದರ್ಶನ ಮುಗಿಯುತ್ತಿದ್ದಂತೆ ಪರದೆಯ ಮೇಲೆ ಅವರದೇ ಡಿಜಿಟಲ್ ಅವತಾರಗಳು ಮೂಡಿದವು, ಇನ್ನು ಮುಂದೆ ಇವೇ ಹಾಡುತ್ತವೆ ಎಂದು ಸಾರಲಾಯಿತು. ಮರುವರ್ಷ ಸ್ವೀಡನ್ನಿನ ಪಾಪ್‌ಹೌಸ್ ಕಂಪನಿ ಹಾಡು, ಹೆಸರು, ಮುಖದ ಬಣ್ಣದ ಹಕ್ಕು ಎಲ್ಲವನ್ನೂ ಕೊಂಡಿತು. ಮೊತ್ತ 300 ದಶಲಕ್ಷ ಡಾಲರ್‌ಗೂ ಹೆಚ್ಚು ಎಂದು ವರದಿಯಾಯಿತು. ಅಷ್ಟು ದುಡ್ಡು ಹಾಕಿದವರು ಹೆಸರನ್ನು ಸುಮ್ಮನೆ ಮಲಗಲು ಬಿಡುವುದಿಲ್ಲ.

ಬೆಂಗಳೂರು ನೋಡಿದ ಬ್ಯಾಂಡುಗಳು

ಭಾರತಕ್ಕೆ ಈ ಬ್ಯಾಂಡುಗಳು ಬಂದದ್ದೇ ತಡವಾಗಿ. ಹಾಗಾಗಿ ಇಲ್ಲಿನ ಅಭಿಮಾನಿಗಳಿಗೆ ಪೂರ್ಣ ಹಳೆಯ ತಂಡವನ್ನು ಕಾಣುವ ಭಾಗ್ಯ ಸಿಕ್ಕಿದ್ದು ಅಪರೂಪ. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಾಗ ಬೇಸ್‌ನ ಬಿಲ್ ವೈಮನ್ ಬಿಟ್ಟು ಹತ್ತು ವರ್ಷವಾಗಿತ್ತು. ಆದರೆ ಡ್ರಮ್ಸ್ ಮುಂದೆ ಚಾರ್ಲಿ ವಾಟ್ಸ್ ಇದ್ದರು. 2021ರ ಆಗಸ್ಟ್‌ನಲ್ಲಿ ವಾಟ್ಸ್ ತೀರಿಕೊಂಡ ಮೇಲೆ ಆ ಪ್ರದರ್ಶನ ನೋಡಿದವರ ನೆನಪಿಗೆ ಬೇರೆಯೇ ಬೆಲೆ ಬಂತು.

ಗನ್ಸ್ ಎನ್ ರೋಸಸ್ ವಿಷಯ ಇನ್ನೂ ಪಾಠದಂತಿದೆ. 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆ ಹೆಸರಿನಡಿ ಹಾಡಿದಾಗ 1980ರ ದಶಕದ ಪ್ರಸಿದ್ಧ ತಂಡದಿಂದ ಉಳಿದವರು ಆಕ್ಸೆಲ್ ರೋಸ್ ಒಬ್ಬರೇ. ಗಿಟಾರಿನ ಸ್ಲ್ಯಾಶ್, ಬೇಸ್‌ನ ಡಫ್ ಮೆಕೇಗನ್ ಇರಲಿಲ್ಲ. ಅವರಿಬ್ಬರೂ 2016ರಲ್ಲಿ ಮರಳಿ ಸೇರಿದರು. 2025ರ ಮೇ 17ರಂದು ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಹಾಡಿದಾಗ ಮೂವರೂ ವೇದಿಕೆಯಲ್ಲಿದ್ದರು. ಎರಡೂ ಟಿಕೆಟಿನ ಮೇಲೆ ಅಚ್ಚಾಗಿದ್ದದ್ದು ಒಂದೇ ಹೆಸರು. ಎರಡನ್ನೂ ನೋಡಿದವರಿಗೆ ಅವು ಎರಡು ಬೇರೆ ಬ್ಯಾಂಡುಗಳು.

ಐರನ್ ಮೇಡನ್ 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಹಾಡಿದ್ದನ್ನು ಬೆಂಗಳೂರಿನ ಮೆಟಲ್ ಅಭಿಮಾನಿಗಳು ಇವತ್ತಿಗೂ ಹಬ್ಬದಂತೆ ನೆನೆಯುತ್ತಾರೆ. ಅವತ್ತು ವೇದಿಕೆಯಲ್ಲಿದ್ದ ಆರು ಮಂದಿಯಲ್ಲಿ 1975ರ ಸ್ಥಾಪಕ ಸ್ಟೀವ್ ಹ್ಯಾರಿಸ್ ಒಬ್ಬರೇ. ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಸೇರಿದ್ದು 1982ರ ಕೊನೆಗೆ. ಆದರೂ ಅಲ್ಲಿ ಸೇರಿದ್ದ ಒಬ್ಬರಿಗೂ ಇದು ನಿಜವಾದ ಮೇಡನ್ ಅಲ್ಲ ಅನ್ನಿಸಲಿಲ್ಲ, ಏಕೆಂದರೆ ಅವರು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದದ್ದು ಮೆಕ್‌ಬ್ರೇನ್ ಅವರ ಡ್ರಮ್ಸನ್ನೇ. 2023ರ ಜನವರಿಯಲ್ಲಿ ಮೆಕ್‌ಬ್ರೇನ್‌ಗೆ ಪಾರ್ಶ್ವವಾಯು ಹೊಡೆಯಿತು. ಚೇತರಿಸಿಕೊಂಡು ಪ್ರವಾಸ ಮಾಡಿದರು, ವೇಗದ ತಿರುವುಗಳಲ್ಲಿ ಕೆಲವನ್ನು ಬಿಡಬೇಕಾಯಿತು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವ್ ಪಾವ್ಲೊದಲ್ಲಿ, ಇದೇ ಕೊನೆ ಎಂದು ತಾವೇ ತಿಳಿಸಿ ನಿಂತರು. ಮರುವರ್ಷದಿಂದ ಆ ಜಾಗಕ್ಕೆ ಹ್ಯಾರಿಸ್ ಅವರ ಇನ್ನೊಂದು ಬ್ಯಾಂಡಿನಲ್ಲಿ ನುಡಿಸುವ ಸೈಮನ್ ಡಾಸನ್ ಬಂದರು. ಹೋಗುವವರು ಬದುಕಿದ್ದಾಗಲೇ ತಾವಾಗಿ ಜಾಗ ಬಿಟ್ಟುಕೊಟ್ಟರೆ ಅಭಿಮಾನಿಗೆ ಒಪ್ಪಿಕೊಳ್ಳುವುದು ಹಗುರವಾಗುತ್ತದೆ. ರಶ್‌ಗೆ ಆ ಅನುಕೂಲ ಇರಲಿಲ್ಲ.

ರಶ್ ಬಗ್ಗೆ ಎರಡು ವಾದ

ಬೇಡವಿತ್ತು ಎನ್ನುವವರ ಮಾತಿನಲ್ಲಿ ತೂಕ ಇದೆ. 1997 ಮತ್ತು 98ರಲ್ಲಿ ಪಿಯರ್ಟ್ ಹತ್ತು ತಿಂಗಳ ಅಂತರದಲ್ಲಿ ಮಗಳನ್ನೂ ಹೆಂಡತಿಯನ್ನೂ ಕಳೆದುಕೊಂಡಾಗ ಉಳಿದಿಬ್ಬರು ಬದಲಿ ಡ್ರಮ್ಮರ್ ಹುಡುಕಲಿಲ್ಲ, ಅವರು ಮರಳುವವರೆಗೆ ಕಾದರು. ಅವರು ಬರದಿದ್ದರೆ ರಶ್ ಇಲ್ಲ ಎಂಬ ಆ ನಡತೆಯೇ ಬ್ಯಾಂಡಿನ ಮರ್ಯಾದೆಯಾಗಿತ್ತು. ಹಾಗೆ ಕಾದವರು ಈಗ ಅದೇ ಹೆಸರು ಬಳಸಿದರೆ ಆ ಮಾತು ಮುರಿದಂತಲ್ಲವೇ? ಇಬ್ಬರ ಸ್ವಂತ ಹೆಸರಿನಲ್ಲಿ ಅವೇ ಹಾಡುಗಳನ್ನು ನುಡಿಸಬಹುದಿತ್ತಲ್ಲ?

ಬೇಕು ಎನ್ನುವವರು ಹೇಳುವುದು: ಹಾಡುಗಳು ಮೂವರವು, ಅದರಲ್ಲಿ ಇಬ್ಬರು ಬದುಕಿದ್ದಾರೆ. ಇಬ್ಬರಿಗೂ 72 ದಾಟಿದೆ. ಐವತ್ತು ವರ್ಷ ಕಟ್ಟಿದ ಸಂಗೀತವನ್ನು ಕೈ ಓಡುವಷ್ಟು ದಿನ ನುಡಿಸಬೇಡಿ ಎನ್ನುವ ಹಕ್ಕು ಕೇಳುಗರಿಗೆ ಇಲ್ಲ. ಪಿಯರ್ಟ್ ಅವರ ಎರಡನೇ ಪತ್ನಿ ಮತ್ತು ಆ ಮದುವೆಯ ಮಗಳು ಈ ಪ್ರವಾಸವನ್ನು ಬೆಂಬಲಿಸಿ ಬಹಿರಂಗ ಹೇಳಿಕೆ ಕೊಟ್ಟಿದ್ದಾರೆ. ಸ್ಕಿನರ್ಡ್ ಪ್ರಕರಣದಲ್ಲಿ ಪತ್ನಿ ಕೋರ್ಟಿಗೆ ಹೋಗಬೇಕಾಗಿ ಬಂದದ್ದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ನಿಲ್ಲೆಸ್ ಅವರ ಆಯ್ಕೆಯೂ ಯೋಚಿಸಿ ಮಾಡಿದ್ದು. ಅವರು 2022ರಲ್ಲಿ ಗಿಟಾರ್ ದಿಗ್ಗಜ ಜೆಫ್ ಬೆಕ್ ಜೊತೆ ಪ್ರವಾಸ ಮಾಡಿದವರು, ತಮ್ಮದೇ ಆಲ್ಬಮ್‌ಗಳಿರುವ ಕಲಾವಿದೆ. ಪಿಯರ್ಟ್‌ರನ್ನು ಅನುಕರಿಸಿ ಹೆಸರು ಮಾಡಿದವರಲ್ಲ. ತದ್ರೂಪು ಬೇಕಿದ್ದರೆ ಅಂಥವರು ಬೇಕಾದಷ್ಟು ಸಿಗುತ್ತಿದ್ದರು. ಪ್ರಕಟಣೆಯ ಮೊದಲ ದಿನದಿಂದಲೂ ಅವರ ಹೆಸರು ಮುಂದಿದೆ. ಕೊಂಡಿ ಕಳಚದಿರುವುದು, ಮುಚ್ಚಿಡದಿರುವುದು ಎಂಬ ಎರಡು ಅಳತೆಯಲ್ಲೂ ಈ ಪ್ರವಾಸ ನಿಲ್ಲುತ್ತದೆ ಎಂದೇ ನನ್ನ ಅಭಿಪ್ರಾಯ. ಹೆಸರಿನ ಪಕ್ಕ ಕ್ವೀನ್‌ನ ಹಾಗೆ ಒಂದು ಕೂಡಿಸುವ ಚಿಹ್ನೆ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮುಂದೆ ಏನಾಗಬಹುದು?

ಹೆಸರಿಗೆ ಇಷ್ಟು ಬೆಲೆ ಇರುವಾಗ ಅದನ್ನು ಕೊಳ್ಳುವವರು ಹೆಚ್ಚುತ್ತಾರೆ. ಕೊಂಡವರು ಹಾಕಿದ ದುಡ್ಡು ತೆಗೆಯಬೇಕು, ಹಾಗಾಗಿ ಮೂಲದವರು ಇಲ್ಲದ ಪ್ರವಾಸಗಳು ಹೆಚ್ಚುತ್ತವೆ. ಹೆಚ್ಚಿದಷ್ಟೂ, ಯಾರು ನುಡಿಸುತ್ತಾರೆ ಎಂಬುದನ್ನು ಸಣ್ಣ ಅಕ್ಷರಕ್ಕೆ ಇಳಿಸುವ ಆಸೆಯೂ ಹೆಚ್ಚುತ್ತದೆ. ಅಮೆರಿಕದ ಹಲವು ರಾಜ್ಯಗಳು 2000ದ ದಶಕದ ನಡುವಿನಿಂದ ಇದಕ್ಕೆಂದೇ ಕಾನೂನು ತಂದಿವೆ. ರೆಕಾರ್ಡ್ ಮಾಡಿದ ತಂಡದ ಒಬ್ಬರಾದರೂ ವೇದಿಕೆಯಲ್ಲಿರಬೇಕು, ಇಲ್ಲವೇ ಇದು ಗೌರವ ಪ್ರದರ್ಶನ ಎಂದು ಜಾಹೀರಾತಿನಲ್ಲೇ ಹೇಳಬೇಕು. ಆದರೆ ಟ್ರೇಡ್‌ಮಾರ್ಕಿನ ಒಡೆಯರಿಗೆ ಆ ಕಾನೂನುಗಳಲ್ಲಿ ವಿನಾಯಿತಿ ಇದೆ. 1950ರ ದಶಕದ ಗಾಯನ ತಂಡಗಳ ಹೆಸರು ಕದಿಯುವವರನ್ನು ತಡೆಯಲು ಬರೆದ ಕಾನೂನು, ಹೆಸರನ್ನು ಕ್ರಮಬದ್ಧವಾಗಿ ಕೊಂಡ ಕಂಪನಿಯನ್ನು ಮುಟ್ಟುವುದಿಲ್ಲ.

ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ ದೂರು ಕೊಡಲು ಅವಕಾಶ ಕೊಡುತ್ತದೆ. ವೇದಿಕೆಗೆ ಬರದವರ ಮುಖವನ್ನು ಪೋಸ್ಟರಿನಲ್ಲಿ ಹಾಕಿ ಟಿಕೆಟ್ ಮಾರಿದರೆ ಪ್ರಶ್ನಿಸಬಹುದು. ಸಾವಿರಗಟ್ಟಲೆ ರೂಪಾಯಿ ಕೊಟ್ಟು, ಬಸ್ಸೋ ರೈಲೋ ಹಿಡಿದು ಮುಂಬೈಗೆ ಹೋಗುವ ಹುಬ್ಬಳ್ಳಿಯ, ಮಂಗಳೂರಿನ ಅಭಿಮಾನಿಗೆ ಅವತ್ತು ವೇದಿಕೆಯ ಮೇಲೆ ಯಾರಿರುತ್ತಾರೆ ಎಂಬುದು ಟಿಕೆಟ್ ಪುಟದಲ್ಲೇ ಕಾಣಬೇಕು. ಏರ್ಪಡಿಸುವವರಿಗೆ ಇದು ಒಂದು ಸಾಲಿನ ಕೆಲಸ.

2015ರ ಆ ರಾತ್ರಿ ಫೋರಂನಲ್ಲಿ ಪಿಯರ್ಟ್ ಯಾವತ್ತೂ ಮಾಡದ ಒಂದು ಕೆಲಸ ಮಾಡಿದ್ದರು. ಅಷ್ಟೂ ವರ್ಷ ಪ್ರದರ್ಶನ ಮುಗಿದೊಡನೆ ಅವರು ಹಿಂದಿನಿಂದಲೇ ಹೊರಟುಬಿಡುತ್ತಿದ್ದರು, ಡ್ರಮ್ಸ್ ದಾಟಿ ಮುಂದೆ ಬರುತ್ತಲೇ ಇರಲಿಲ್ಲ. ಅವತ್ತು ಎದ್ದು ವೇದಿಕೆಯ ಮುಂಚೂಣಿಗೆ ನಡೆದು ಬಂದರು, ಗೆಳೆಯರಿಬ್ಬರ ಹೆಗಲ ಮೇಲೆ ಕೈ ಹಾಕಿದರು, ಮೂವರೂ ಸೇರಿ ಜನರಿಗೆ ತಲೆಬಾಗಿದರು. ಹೊಸ ಪ್ರವಾಸದ ಮೊದಲ ರಾತ್ರಿಗೆ ಲೀ ಮತ್ತು ಲೈಫ್‌ಸನ್ ಆರಿಸಿಕೊಂಡದ್ದು ಅದೇ ವೇದಿಕೆಯನ್ನು.